ಅರಸೀಕೆರೆಯ ಪಟ್ಟಿಯಲ್ಲಿದ್ದ ಹೆಸರು

ಹೊಸಹಟ್ಟಿ, ಜಾವಗಲ್ ಹೋಬಳಿ
14-11-1943, ಭಾನುವಾರ

ನಮ್ಮ ಮನೆಯವರಿಗೆ ಕೆಂಪಲಕ್ಷ್ಮಮ್ಮ ಮಾಡುವ ನಮಸ್ಕಾರ.

ನಿಮ್ಮ ಜ್ವರ ಬಿಟ್ಟಿತೇ? ಅಲ್ಲಿ ಕೊಟ್ಟ ಬೂಟು ಕಾಲಿಗೆ ಹಿಡಿಯುತ್ತದೆಯೇ? ಮುದ್ದೆಯಿಲ್ಲದೆ ಹೊಟ್ಟೆ ತುಂಬುವುದಿಲ್ಲ ಎಂದು ಬರೆದಿದ್ದಿರಿ. ಅದನ್ನು ಓದಿದ ದಿನ ನನಗೂ ಊಟ ಸೇರಲಿಲ್ಲ. ಅತ್ತೆ ಚೆನ್ನಾಗಿದ್ದಾರೆ. ಕೆಂದ ಹಸು ಈದಿದೆ, ಹೆಣ್ಣುಕರು. ಟಪಾಲಿಗೆ ಹಾಕಿದರೆ ಅಲ್ಲಿ ಒಡೆದು ಓದುತ್ತಾರಂತೆ. ಅದಕ್ಕೇ ರಜೆ ಮುಗಿಸಿ ನಿಮ್ಮ ದಳಕ್ಕೇ ಹಿಂದಿರುಗುತ್ತಿರುವ ಕಣಕಟ್ಟೆಯ ಏಕಾಂತಯ್ಯನವರ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕಿ.

ನಿಮ್ಮ ಮೇಲಿನ ಕೋಪ ನನಗಿನ್ನೂ ಇಳಿದಿಲ್ಲ. ಸೈನ್ಯಕ್ಕೆ ಊರಿಗೆ ಇಬ್ಬರು ಆಳು ಬೇಕೆಂದು ಪಟೇಲ್ ದೊಡ್ಡಬೀರಪ್ಪನವರು ನಿಮ್ಮ ತಮ್ಮ ಜವರಣ್ಣನ ಹೆಸರು ಬರೆಸಿದರು, ಸರಿ. ಕಿರಿಮಗನೆಂದು ಅತ್ತೆ ಅತ್ತರು, ಅದೂ ಸರಿ. ಅವನ ಬದಲು ನೀವು ಹೋಗಬೇಕಿತ್ತೇ? ಹೋದವರು ನಿಮ್ಮ ಹೆಸರಲ್ಲಾದರೂ ಹೋದಿರಾ? "ಪಟ್ಟಿ ತಿದ್ಸೋಕೆ ಹೋದ್ರೆ ಇಬ್ರನ್ನೂ ಹಿಡ್ಕತಾರೆ ಕಣೇ" ಎಂದು ನನ್ನ ಬಾಯಿ ಮುಚ್ಚಿಸಿ, ಅರಸೀಕೆರೆ ಸ್ಟೇಷನ್ ಪಕ್ಕದ ಗುಡಾರದಲ್ಲಿ ಜವರಣ್ಣ ಎಂದು ಕೂಗಿದಾಗ ನೀವು ಓ ಎಂದಿರಿ. ಎದೆ ಅಳೆದರು, ಹಲ್ಲು ನೋಡಿದರು, ತೂಕ ಹಾಕಿದರು. ಹೆಸರು ಯಾರದೆಂದು ಯಾರೂ ಕೇಳಲಿಲ್ಲ. ಹಳೇಬೀಡಿನ ಜಿನಪ್ಪನವರ ಮಗ ಪದ್ಮರಾಜ ಆಫೀಸರ್ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಅಜ್ಜನ ಹೆಸರಿನವರೆಗೂ ಇಂಗ್ಲಿಷಿನಲ್ಲಿ ವಿಚಾರಿಸಿದರಂತೆ. ಸಿಪಾಯಿಗೆ ಎದೆಯೊಂದಿದ್ದರೆ ಸಾಕೇನೋ.

ಹೋದ ವಾರ ಅರಸೀಕೆರೆಯಿಂದ ಹವಾಲ್ದಾರರೊಬ್ಬರು ಬಂದರು. ಸೇರಿದವರ ವಿವರ ನಿಜವೇ ಎಂದು ಮನೆಯಲ್ಲಿ ಕೇಳಿ, ಪಟೇಲರ ರುಜು ಹಾಕಿಸಿಕೊಳ್ಳಬೇಕಂತೆ. ಜಗಲಿಯ ಮೇಲೆ ಕೂತು, "ನಿನ್ನ ಗಂಡನ ಹೆಸರೇನಮ್ಮಾ?" ಎಂದರು. ಗಂಡನ ಹೆಸರು ಎಲ್ಲಾದರೂ ಬಾಯಲ್ಲಿ ಬರುತ್ತದೆಯೇ? ನಾನು ತಲೆ ತಗ್ಗಿಸಿದೆ. ಜೊತೆಗಿದ್ದ ಪಟೇಲರು, "ಅವ್ಳು ಹೇಳಾಕಿಲ್ಲ ಬುಡಿ ಸಾಮಿ. ಜವರಣ್ಣ ಅಂತ ಬರ್ಕಳಿ" ಎಂದರು. ಬರೆದುಕೊಂಡು ಹೋದರು. ಆಮೇಲೆ ಇದ್ಯಾವ ನ್ಯಾಯ ಎಂದು ನಾನು ಕೇಳಿದರೆ, "ಹೆಸ್ರು ಯಾವ್ದಾದ್ರೇನವ್ವ, ಆಳು ಹೋಗೈತಲ್ಲ" ಎಂದು ಪಟೇಲರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಸರ್ಕಾರದ ಕಾಗದದಲ್ಲಿ ನಾನೀಗ ಮೈದುನನ ಹೆಂಡತಿ. ನಿಮ್ಮ ತಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಅಂದಿನಿಂದ ನನ್ನ ಮುಖ ನೋಡಿ ಮಾತಾಡಿಲ್ಲ, ಪಾಪ. ಊರಿನವರು ಬೇರೆ, "ಏನ್ಲಾ ಜವರ, ಯುದ್ಧದಿಂದ ಯಾವಾಗ್ ಬಂದೆ?" ಎಂದು ಆಡಿಕೊಳ್ಳುತ್ತಾರೆ. ಶುಕ್ರವಾರ ತೆಂಗಿನಕಾಯಿ ಗಾಡಿಯ ಜೊತೆ ಅರಸೀಕೆರೆಗೆ ಹೋದವನು ಇನ್ನೂ ಬಂದಿಲ್ಲ. ಅತ್ತೆ ಬಾಗಿಲಲ್ಲೇ ಕೂತಿದ್ದಾರೆ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ಹಬ್ಬದಲ್ಲಿ ತೆಗೆದಿಟ್ಟ ಚಕ್ಕುಲಿ ಕಳಿಸಿದ್ದೇನೆ, ಏಕಾಂತಯ್ಯನವರಿಗೂ ಕೊಟ್ಟು ತಿನ್ನಿ. ಯಾವ ಗುಂಡೂ ನಿಮ್ಮ ಕಡೆ ತಿರುಗದಿರಲಿ.

ನಿಮ್ಮ
ಕೆಂಪಲಕ್ಷ್ಮಮ್ಮ

ಇನ್ನೊಂದು ಮಾತು: ಏಕಾಂತಯ್ಯನವರು ಕಾಗದಕ್ಕಾಗಿ ಬಂದು ನಿಂತಿದ್ದಾರೆ. ಶುಕ್ರವಾರ ಜವರಣ್ಣನನ್ನು ಅದೇ ಗುಡಾರದಲ್ಲಿ ಕಂಡರಂತೆ. ಸೈನ್ಯಕ್ಕೆ ಸೇರಿ ರೈಲು ಹತ್ತಿದನಂತೆ. ಅವನ ಹೆಸರು ಆಗಲೇ ಪಟ್ಟಿಯಲ್ಲಿತ್ತಲ್ಲ, ನಿಮ್ಮ ಹೆಸರು ಕೊಟ್ಟಿದ್ದಾನಂತೆ. ಅತ್ತೆಗೆ ಇನ್ನೂ ಹೇಳಿಲ್ಲ. ಮುಂದೆಂದಾದರೂ ನಿಮ್ಮ ಹೆಸರಿನ ತಂತಿ ಬಂದರೆ, ಸತ್ತದ್ದು ನೀವಲ್ಲ ಎಂದು ನನಗೆ ಮೊದಲು ಸಮಾಧಾನವೇ ಆಗುತ್ತದೆ. ಆಮೇಲೆ ಅತ್ತೆಯ ಮುಖ ಹೇಗೆ ನೋಡಲಿ? ಶಿಕ್ಷೆಯಾದರೂ ಆಗಲಿ, ನಿಮ್ಮ ಸಾಹೇಬರಿಗೆ ನಿಜ ಹೇಳಿಬಿಡಿ. ನಾನೂ ನಾಳೆ ಅರಸೀಕೆರೆಗೆ ಹೋಗುತ್ತೇನೆ. ಹವಾಲ್ದಾರರು ಕೇಳಿದರೆ ಈ ಸಲ ತಲೆ ತಗ್ಗಿಸುವುದಿಲ್ಲ. ಬಾಯಲ್ಲಿ ಬರುತ್ತದೋ ಇಲ್ಲವೋ, ಮೊದಲು ಇಲ್ಲಿ ಬರೆದು ನೋಡುತ್ತೇನೆ: ನನ್ನ ಗಂಡನ ಹೆಸರು ನಿಂಗಯ್ಯ.