ಕೆಂಪನ್ನು ಕಳೆಯುವ ಲೆಕ್ಕ

ಆಗಸ್ಟ್ 4, ಸೋಮವಾರ, ಬೆಳಿಗ್ಗೆ 8:30

ಇವತ್ತೂ ಬೇಗ ಬಂದುಬಿಟ್ಟೆ. ಲೆಕ್ಚರ್ ಹಾಲ್ ಬಾಗಿಲು ಇನ್ನೂ ತೆಗೆದಿಲ್ಲ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಉಗುರಿನ ಸಂದಿಯಲ್ಲಿ ನಿನ್ನೆಯ ಹಸಿರು ಪೇಂಟ್ ಹಾಗೇ ಇದೆ, ಥಿನ್ನರ್ ಹಾಕಿ ಉಜ್ಜಿದರೂ ಜಪ್ಪಯ್ಯ ಅನ್ನಲಿಲ್ಲ. ಇರಲಿ. ಗಣಿತಕ್ಕೆ ಉಗುರು ಯಾಕೆ?

ಪಕ್ಕದಲ್ಲಿ ಕೂರುವ ಹುಡುಗಿ ಸದಾ ಚೂಯಿಂಗ್ ಗಮ್ ಜಗಿಯುತ್ತಿರುತ್ತಾಳೆ. ಮನಸ್ಸಿನಲ್ಲೇ ಗಮ್ಮಿ ಅಂತ ಹೆಸರಿಟ್ಟಿದ್ದೇನೆ. ಮೊದಲ ದಿನ ನಾನೇ ಲೆಕ್ಚರರ್ ಅಂದುಕೊಂಡು ಎದ್ದು ನಿಂತಿದ್ದಳು! ಈಗ ಸಲುಗೆ. "ಅಜ್ಜಿ, ಎಕ್ಸ್‌ಟ್ರಾ ಪೆನ್ ಇದ್ಯಾ?" ಇದೆ ಮಗಳೇ, ನಿನಗೆಂದೇ ಇಟ್ಟುಕೊಂಡು ಬರುತ್ತೇನೆ.

ಅರವತ್ಮೂರಕ್ಕೆ ಯೂನಿವರ್ಸಿಟಿ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆಮೇಲಿನದೆಲ್ಲ ತಮ್ಮನ ಮಕ್ಕಳ ಹಳೆಯ ಪುಸ್ತಕ, ಲೈಬ್ರರಿ, ಹಟ. ಹೊರಗಿನವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು, ಆದರೆ ಮೊದಲ ಟೆಸ್ಟಿನವರೆಗೆ ಮಾತ್ರ. ಪಾಸಾದರೆ ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳುತ್ತಾರೆ. ಇಲ್ಲವಾದರೆ ದೊಡ್ಡ ನಮಸ್ಕಾರ.

ತಮ್ಮನ ಜೊತೆಗೂ ಅದೇ ಒಪ್ಪಂದ. ಪಾಸಾದರೆ ಓದು, ಬೆಳಗಿನ ಹೊತ್ತು ನನ್ನದು. ಫೇಲಾದರೆ ಮತ್ತೆ ಅವನ ಪೇಂಟ್ ಅಂಗಡಿ, ಬಣ್ಣ ಕಲಸುವ ಕೌಂಟರ್, ಬೆಳಿಗ್ಗೆಯಿಂದ ಸಂಜೆಯವರೆಗೆ. ಪಾಪ, ಅವನ ಕಷ್ಟ ಅವನಿಗೆ. ನನ್ನ ಜಾಗಕ್ಕೆ ಇಟ್ಟುಕೊಂಡವನು ಕೆನೆ ಬಣ್ಣ ಕೇಳಿದರೆ ಸಾಸಿವೆ ಮಾಡಿ ಕೊಡುತ್ತಾನೆ.

ಬಾಗಿಲು ತೆಗೆದರು.

ಆಗಸ್ಟ್ 6, ಬುಧವಾರ, ಬಸ್ಸಿನಲ್ಲಿ

ಇಳಿಯುವ ತನಕ ಕಾಯಲಾರೆ. ಬರೆಯಲೇಬೇಕು.

ಮೇಡಂ ಬೋರ್ಡಿನ ಮೇಲೆ ಎರಡು ಬಾಣ ಎಳೆದರು. ಅವೇ ವೆಕ್ಟರ್. ಇದರದು ಮೂರು ಪಾಲು, ಅದರದು ಎರಡು ಪಾಲು, ಕೂಡಿಸಿದರೆ ಇನ್ನೊಂದು ಹೊಸ ಬಾಣ. ಇದಕ್ಕೆ ಲೀನಿಯರ್ ಕಾಂಬಿನೇಷನ್ ಅಂತಾರೆ ಅಂದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರು ಪಾಲು ಹಳದಿ, ಎರಡು ಪಾಲು ನೀಲಿ... ಮೂವತ್ತು ವರ್ಷದಿಂದ ನಾನು ಡಬ್ಬದಲ್ಲಿ ಕೋಲು ತಿರುಗಿಸುತ್ತ ಮಾಡಿದ್ದು ಇನ್ನೇನು?

ಆಮೇಲೆ ಸ್ಪ್ಯಾನ್. ಇರುವ ವೆಕ್ಟರ್‌ಗಳಿಂದ ಏನೇನು ಮಾಡಬಹುದೋ ಅದೆಲ್ಲ ಸೇರಿ ಒಂದು ಸ್ಪ್ಯಾನ್. ಅಂದರೆ ಅಂಗಡಿಯ ಬಣ್ಣಗಳನ್ನೆಲ್ಲ ತೋರಿಸುವ ಶೇಡ್ ಕಾರ್ಡು! ಇಡೀ ಶೇಡ್ ಕಾರ್ಡು!

ಜೋರಾಗಿ "ಹಾಂ!" ಅಂದೆನಂತೆ. ಗಮ್ಮಿ ತೊಡೆ ಚಿವುಟಿದಳು. "ಅಜ್ಜಿ, ಕ್ಲಾಸು!"

ಆಗಸ್ಟ್ 20, ಬುಧವಾರ, ಸಂಜೆ

ಎರಡು ವಾರ ಇಲ್ಲಿ ಒಂದಕ್ಷರ ಬರೆದಿಲ್ಲ. ಬರೆದದ್ದೆಲ್ಲ ಮ್ಯಾಟ್ರಿಕ್ಸು. ಊಟದ ತಟ್ಟೆಯ ಅಂಚಿನಲ್ಲೂ ಬೆರಳಿನಿಂದ ಅಡ್ಡಸಾಲು, ಕಂಬಸಾಲು. ತಮ್ಮನ ಹೆಂಡತಿ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಮತ್ತೇನು ಅತ್ತಿಗೆ ಇದು?"

ಇವತ್ತು ಡಿಪೆಂಡೆನ್ಸ್ ಮುಗಿಯಿತು. ಗುಂಪಿನಲ್ಲಿ ಒಂದು ವೆಕ್ಟರ್ ಅನ್ನು ಉಳಿದವುಗಳಿಂದ ಮಾಡಿಕೊಳ್ಳಲು ಬಂದರೆ ಅದು ದಂಡಕ್ಕೆ. ತೆಗೆದುಹಾಕಿದರೂ ಸ್ಪ್ಯಾನ್ ಕೂದಲಷ್ಟೂ ಕುಗ್ಗುವುದಿಲ್ಲ. ನೇರ ಅಂಗಡಿಗೆ ಹೋಗಿ, ಬಿಳಿ ಪೇಂಟಿಗೆ ಬೆರೆಸುವ ಸ್ಟೇನರ್ ಬಣ್ಣಗಳ ಕಪಾಟಿನ ಮುಂದೆ ನಿಂತೆ.

"ಹಸಿರು ಸ್ಟೇನರ್ ಇನ್ಮೇಲೆ ತರಿಸ್ಬೇಡ ಕಣೋ."

ತಮ್ಮ ಬಿಲ್ಲಿನಿಂದ ತಲೆ ಎತ್ತಲಿಲ್ಲ. "ಯಾಕೆ?"

"ಹಳದಿ ಇದೆ, ನೀಲಿ ಇದೆ. ಹಸಿರು ಡಿಪೆಂಡೆಂಟು."

"ಅಕ್ಕಾ, ನಮ್ಮ ಮನೇಲಿ ಡಿಪೆಂಡೆಂಟ್ ಅಂದ್ರೆ ನಾನೊಬ್ನೇ. ಹಸಿರನ್ನ ಬಿಟ್ಬಿಡು, ಅದರ ಪಾಡಿಗೆ ಇರ್ಲಿ."

ನಕ್ಕೂ ನಕ್ಕೂ ಸಾಕಾಯಿತು. ಅವನೂ ನಕ್ಕ. ಆಮೇಲೆ ದನಿ ತಗ್ಗಿಸಿ, "ನಮ್ಮಲ್ಲೇ ಪೇಂಟ್ ಕೊಳ್ತಿದ್ದ ದೊಡ್ಡ ಕಂಟ್ರಾಕ್ಟರು ಇವತ್ತು ಎದುರು ಅಂಗಡಿಗೆ ಹೋದ. ನಿನ್ನ ಕೈ ಬೇಕಂತೆ ಅವ್ನಿಗೆ" ಅಂದ.

ಸೆಪ್ಟೆಂಬರ್ 5, ಶುಕ್ರವಾರ, ಕ್ಯಾಂಟೀನ್

ನಾಲ್ಕು ಆಯಾಮ. ಅರ್ಧ ಗಂಟೆ ಕಣ್ಣು ಮುಚ್ಚಿ ಯೋಚಿಸಿದೆ. ಕೋಣೆಗೆ ಉದ್ದ, ಅಗಲ, ಎತ್ತರ. ನಾಲ್ಕನೆಯದನ್ನು ಎಲ್ಲಿ ತುರುಕಲಿ?

ಗಮ್ಮಿ ಟೀ ಹೀರುತ್ತ, "ಕಣ್ಣಿಗೆ ಕಾಣ್ಬೇಕು ಅಂತ ಯಾರು ಹೇಳಿದ್ರು ಅಜ್ಜಿ? ಲೆಕ್ಕ ಕೂಡಿ ಬಂದ್ರೆ ಸಾಕು" ಅಂದಳು.

"ನೀನು ನೋಡದೇ ಒಪ್ಕೊಂಡ್ಬಿಡ್ತೀಯಾ?"

"ನನ್ನ ಫೋನಿನ ಚಾರ್ಜರ್ ಹೇಗೆ ಕೆಲ್ಸ ಮಾಡುತ್ತೆ ಅಂತ ನೋಡಿದೀನಾ? ಹಾಕ್ತೀನಿ, ಚಾರ್ಜ್ ಆಗುತ್ತೆ."

ಬಲು ಚುರುಕು ಹುಡುಗಿ. ನಾನು ಒಪ್ಪಲಿಲ್ಲ. ನಾಲ್ಕು ಸ್ಟೇನರ್ ಅಂದುಕೊಂಡೆ: ಕೆಂಪು, ಹಳದಿ, ನೀಲಿ, ಕಪ್ಪು. ಒಂದೊಂದರದು ಎಷ್ಟೆಷ್ಟು ಪಾಲು ಅಂತ ನಾಲ್ಕು ಅಂಕಿ. ಆಗ ನಾಲ್ಕು ಆಯಾಮವೂ ನನ್ನ ಕಪಾಟಿನಲ್ಲಿ ಬಂದು ಕೂತಿತು. ಎಷ್ಟು ಹಾಯಾಗಿ ಕೂತಿತು! ಇನ್ನು ಯಾವ ಪ್ರಶ್ನೆ ಬಂದರೂ ಡಬ್ಬ ತೆಗೆಯುವುದು, ಉತ್ತರ ಹೇಳುವುದು.

ಸೆಪ್ಟೆಂಬರ್ 15, ಸೋಮವಾರ, ಮಧ್ಯಾಹ್ನ

ಟೆಸ್ಟ್ ಮುಗಿಯಿತು. ಎಲ್ಲ ಬರೆದೆ! ಪೇಪರು ಕೊಟ್ಟು ಹೊರಬಂದಾಗ ಚಿಕ್ಕ ಹುಡುಗಿಯ ಹಾಗೆ ಎರಡೆರಡು ಮೆಟ್ಟಿಲು ಇಳಿದೆ, ಮಂಡಿ ಬೈಯಿತು.

ಮೂರನೆಯ ಪ್ರಶ್ನೆ ಮಾತ್ರ ಬೋನಿನ ಹಾಗಿತ್ತು. (1,1) ಮತ್ತು (1,3) ಈ ಎರಡರಿಂದ (3,1) ಮಾಡಬಹುದೇ? ಬಿಡಿಸಿದೆ. ಮೊದಲನೆಯದು ನಾಲ್ಕು ಪಾಲು, ಎರಡನೆಯದು ಮೈನಸ್ ಒಂದು ಪಾಲು ಅಂತ ಬಂತು. ಮೈನಸ್! ಅಲ್ಲೇ ಹಿಡಿದೆ ಕಳ್ಳನನ್ನು. "ಸಾಧ್ಯವಿಲ್ಲ" ಅಂತ ಬರೆದು ಅಡಿಗೆರೆ ಎಳೆದೆ. ಅದೇ ಥರದ ಇನ್ನೂ ಮೂರು ಇದ್ದವು. ಮೂರಕ್ಕೂ ಅಡಿಗೆರೆ.

ತಮ್ಮನಿಗೆ ಹೇಳಿದೆ, ಬೇರೆ ಯಾರನ್ನಾದರೂ ನೋಡಿಕೋ ಕೌಂಟರಿಗೆ.

ಸೆಪ್ಟೆಂಬರ್ 22, ಸೋಮವಾರ

ಫೇಲು.

ಅದೇ ದಿನ, ಸಂಜೆ 5:00

ಬರೆಯುತ್ತೇನೆ. ಬರೆಯದಿದ್ದರೆ ಎದೆಯಲ್ಲೇ ಕೂತಿರುತ್ತದೆ.

ಮೂರನೆಯ ಪ್ರಶ್ನೆಗೆ ಸೊನ್ನೆ. ಅದೇ ಥರದ ಉಳಿದ ಮೂರಕ್ಕೂ ಸೊನ್ನೆ. ಅದೊಂದರಿಂದಲೇ ಹೋಯಿತು. ಪೇಪರು ಹಿಡಿದು ಮೇಡಂ ಕೋಣೆಗೆ ಹೋದೆ. ನನಗೆ ಮಗಳಾಗುವ ವಯಸ್ಸಿನವರು, ಕುರ್ಚಿ ಎಳೆದು ಕೂರಿಸಿದರು.

"ಉತ್ತರ ಸರಿಯಾಗಿ ಕಂಡುಹಿಡಿದಿದ್ದೀರಲ್ಲ. ನಾಲ್ಕು, ಮೈನಸ್ ಒಂದು. ಮತ್ಯಾಕೆ ಸಾಧ್ಯವಿಲ್ಲ ಅಂತ ಬರೆದ್ರಿ?"

"ಮೈನಸ್ ಬಂತಲ್ಲ ಮೇಡಂ."

"ಬಂದ್ರೆ?"

"ಕಲಸಿದ ಮೇಲೆ ಡಬ್ಬದಿಂದ ಕೆಂಪನ್ನ ಹೇಗೆ ವಾಪಸ್ ತೆಗೀತೀರಿ?"

ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾವ ಡಬ್ಬ?"

ಹೇಳಿದೆ. ಅಂಗಡಿ, ಸ್ಟೇನರ್, ಶೇಡ್ ಕಾರ್ಡು, ಎಲ್ಲ. ನಗಲಿಲ್ಲ. ಒಂದು ಬಾಣ ಎಳೆದು, ಅದರ ಬಾಲದಿಂದ ಹಿಂದಕ್ಕೆ ಇನ್ನೊಂದು ಎಳೆದರು. "ಇಲ್ಲಿ ಡಬ್ಬ ಇಲ್ಲ. ದಾರಿ ಇದೆ. ಮುಂದಕ್ಕೆ ಹೋದಷ್ಟೇ ಸಲೀಸಾಗಿ ಹಿಂದಕ್ಕೂ ಹೋಗಬಹುದು."

ಎಷ್ಟು ಸುಲಭದ ಮಾತು! ಮೊದಲ ವಾರವೇ ಹೇಳಿದ್ದರಂತೆ. ನಾನು ಶೇಡ್ ಕಾರ್ಡಿನಲ್ಲಿ ಮುಳುಗಿದ್ದೆ.

"ಮಾರ್ಕು ಬದಲಾಯಿಸೋಕೆ ಆಗಲ್ಲ," ಅಂದರು. "ನಾನು ಕೇಳೋದೂ ಇಲ್ಲ," ಅಂದೆ. ಫೇಲಾದವರಿಗೆಲ್ಲ ಶುಕ್ರವಾರ ಇನ್ನೊಂದು ಅವಕಾಶವಿದೆಯಂತೆ. ಬೋರ್ಡಿನ ಮುಂದೆ ನಿಂತು ಒಂದು ಪ್ರಮೇಯ ಸಾಧಿಸಿ ತೋರಿಸಬೇಕು. ಯಾವುದು ಅಂತ ಅಲ್ಲೇ ಹೇಳುತ್ತಾರೆ.

ಸೆಪ್ಟೆಂಬರ್ 24, ಬುಧವಾರ, ಸಂಜೆ

ತಮ್ಮನಿಗೆ ಎರಡು ದಿನ ಹೇಳಿರಲಿಲ್ಲ. ಇವತ್ತು ಅಂಗಡಿಯಲ್ಲಿ ಅವನೇ ಕೇಳಿದ. ತಿಳಿನೀಲಿ ಕಲಸುತ್ತಿದ್ದ, ಮೊಣಕೈವರೆಗೆ ಬಣ್ಣ.

"ರಿಸಲ್ಟು?"

"ಫೇಲು."

ಕೋಲು ನಿಂತಿತು. ಗೇಲಿ ಮಾಡುತ್ತಾನೆ ಅಂದುಕೊಂಡಿದ್ದೆ. ಮಾಡಲಿಲ್ಲ, ಅದೇ ಕಷ್ಟವಾಯಿತು.

"ಹಾಗಾದ್ರೆ ಸೋಮವಾರದಿಂದ..."

"ಬರ್ತೀನಿ. ಕೊಟ್ಟ ಮಾತು. ಆದ್ರೆ ಶುಕ್ರವಾರ ಇನ್ನೊಂದು ಸಲ ಕರ್ದಿದಾರೆ."

"ಅದು ನಮ್ಮ ಮಾತಲ್ಲಿ ಇರ್ಲಿಲ್ಲ ಅಕ್ಕ."

ಇರಲಿಲ್ಲ. ಅವನು ಹೇಳಿದ್ದು ನಿಜ. ಊಟದ ಡಬ್ಬಿ ತಂದಿದ್ದ ಅವನ ಹೆಂಡತಿ ಬಾಗಿಲಿನಿಂದಲೇ, "ರೀ, ನೀವು ಡ್ರೈವಿಂಗ್ ಟೆಸ್ಟು ಎಷ್ಟನೇ ಸಲಕ್ಕೆ ಪಾಸಾದ್ರಿ?" ಅಂದಳು.

"ಆ ಇನ್ಸ್‌ಪೆಕ್ಟರು ಸರಿ ಇರ್ಲಿಲ್ಲ."

"ನಾಲ್ಕು ಸಲವೂ?"

ತಮ್ಮ ಮತ್ತೆ ಕಲಸತೊಡಗಿದ. ಡಬ್ಬದ ಒಳಗೇ ನೋಡುತ್ತ ಹೇಳಿದ: "ಹೋಗ್ಬಾ. ಆದ್ರೆ ಅದೇ ಕೊನೆ."

ಅದೇ ಕೊನೆ. ಸರಿ. ಈಗ ಹಿಂದಕ್ಕೆ ನಡೆಯುವುದನ್ನು ಕಲಿಯುತ್ತಿದ್ದೇನೆ. ಮೈನಸ್ ಎರಡು, ಮೈನಸ್ ಐದು. ಕಾಲು ಒಗ್ಗುತ್ತಿದೆ.

ಸೆಪ್ಟೆಂಬರ್ 26, ಶುಕ್ರವಾರ, ಬೆಳಿಗ್ಗೆ 11:40

ಮರದ ಕೆಳಗಿನ ಬೆಂಚು. ಉಸಿರು ಇನ್ನೂ ಹದಕ್ಕೆ ಬಂದಿಲ್ಲ. ಅಕ್ಷರ ಹೇಗಾದರೂ ಇರಲಿ.

ನನಗೆ ಬಂದದ್ದು ಇದು: ಒಂದನ್ನೊಂದು ಅವಲಂಬಿಸದ ವೆಕ್ಟರ್‌ಗಳಿವೆ. ಅವುಗಳಿಂದ ಒಂದು ಹೊಸ ವೆಕ್ಟರ್ ಮಾಡಿದರೆ, ಅದನ್ನು ಮಾಡುವ ದಾರಿ ಒಂದೇ ಒಂದು. ಸಾಧಿಸಿ.

ಸೀಮೆಸುಣ್ಣ ಕೈಯಲ್ಲಿ. ತಲೆ ಖಾಲಿ. ಹಿಂದೆ ಯಾರೋ ಕೆಮ್ಮಿದರು. ಡಬ್ಬ ನೆನೆಸಿಕೊಳ್ಳಬಾರದು ಅಂತ ಶಪಥ ಮಾಡಿ ಹೋಗಿದ್ದೆ, ಮೊದಲು ಬಂದು ನಿಂತದ್ದೇ ಡಬ್ಬ. ಸರಿ, ಬಾ ಮಾರಾಯ ಅಂದೆ. ಒಂದೇ ಬಣ್ಣ, ಇಬ್ಬರು ಕಲಸಿದ್ದಾರೆ, ಯಾವ ಬಣ್ಣ ಎಷ್ಟು ಪಾಲು ಅಂತ ಬರೆದ ಇಬ್ಬರ ಚೀಟಿಯೂ ನನ್ನ ಮುಂದಿದೆ. ಎರಡು ಚೀಟಿಯೂ ಒಂದೇ ಅಂತ ತೋರಿಸಬೇಕು. ಹೇಗೆ? ನೋಡುತ್ತಾ ನಿಂತೆ. ಮೇಡಂ ಕಾಯುತ್ತಿದ್ದರು.

ಆಗ... ಒಂದು ಚೀಟಿಯಿಂದ ಇನ್ನೊಂದನ್ನು ಕಳೆದೆ!

ಕಳೆದೆ. ನಾನು! ಕೆಂಪಿನಿಂದ ಕೆಂಪು, ನೀಲಿಯಿಂದ ನೀಲಿ. ಬಣ್ಣ ಎರಡೂ ಒಂದೇ ಆದ್ದರಿಂದ ಆ ಕಡೆ ಉಳಿಯುವುದು ಸೊನ್ನೆ. ಈ ಕಡೆ ವ್ಯತ್ಯಾಸಗಳು. ವೆಕ್ಟರ್‌ಗಳು ಒಂದನ್ನೊಂದು ಅವಲಂಬಿಸಿಲ್ಲ, ಹಾಗಾಗಿ ಅವುಗಳಿಂದ ಸೊನ್ನೆ ಬರಬೇಕಾದರೆ ಪ್ರತಿಯೊಂದರ ಪಾಲೂ ಸೊನ್ನೆಯೇ ಆಗಬೇಕು. ಅಂದರೆ ಪ್ರತಿಯೊಂದು ವ್ಯತ್ಯಾಸವೂ ಸೊನ್ನೆ. ಅಂದರೆ ಎರಡು ಚೀಟಿಯೂ ಒಂದೇ. ಮುಗೀತು. ನಾಲ್ಕೇ ಸಾಲು. ಎಷ್ಟು ಚೆಂದ! ಸೀಮೆಸುಣ್ಣ ಮುರಿದದ್ದೂ ಗೊತ್ತಾಗಲಿಲ್ಲ.

ಮೇಡಂ ತಲೆಯಾಡಿಸಿದರು. "ಪಾಸು. ಸೋಮವಾರದಿಂದ ನೀವು ನನ್ನ ವಿದ್ಯಾರ್ಥಿನಿ."

ಸುಮ್ಮನೆ ಬರಬೇಕಿತ್ತು. ಬಾಯಿ ಸುಮ್ಮನಿರಬೇಕಲ್ಲ?

"ಮೇಡಂ, ಒಂದು ಮಾತು. ಕಳೆಯೋ ಹಾಗೇ ಇಲ್ಲ, ಬರೀ ಕೂಡಿಸ್ಬಹುದು ಅಂತ ಇಟ್ಕೊಳ್ಳಿ. ನಮ್ಮ ಅಂಗಡಿ ಥರ. ಆಗ ಏನೇನು ಮಾಡ್ಬಹುದು, ಏನು ಆಗಲ್ಲ? ಅದಕ್ಕೂ ಗಣಿತ ಇದೆಯಾ?"

ಹೊರಟವರು ಬಂದು ಮತ್ತೆ ಬೋರ್ಡಿನ ಮುಂದೆ ನಿಂತರು. ಎರಡು ಬಾಣ ಎಳೆದು, ಅವುಗಳ ನಡುವಿನ ಜಾಗವನ್ನಷ್ಟೇ ಗೆರೆಗಳಿಂದ ತುಂಬಿದರು. "ಇದು ಕೋನ್. ಇಷ್ಟರೊಳಗೆ ಇರೋದೆಲ್ಲ ಆಗುತ್ತೆ, ಹೊರಗಿರೋದು ಆಗಲ್ಲ. ಅದಕ್ಕೆ ಪೂರ್ತಿ ಒಂದು ಕೋರ್ಸೇ ಇದೆ. ಅಲ್ಲಿ ಕೂರ್ಬೇಕಾದ್ರೆ ಮೊದಲು ಈ ಕೋರ್ಸು ಮುಗಿಸಿ."

ಇದೆ! ಪೂರ್ತಿ ಒಂದು ಕೋರ್ಸು!

ಸೆಪ್ಟೆಂಬರ್ 28, ಭಾನುವಾರ

"ಇದು ಮುಗಿದ್ಮೇಲೆ ಇನ್ನೊಂದಾ?" ತಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಅಕ್ಕಾ, ನಾನು ಸಾಯೋವರ್ಗೂ ಓದ್ತೀಯೇನೇ?"

"ನಾನು ದೊಡ್ಡವಳು ಕಣೋ. ಸರದಿ ಪ್ರಕಾರ ಮೊದಲು ನಾನು."

"ಅದಕ್ಕೂ ನೀನೇ ಮೊದಲು ಹೋಗು!" ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಅವನ ಹೆಂಡತಿ ಸೌಟಿನಿಂದ ಬೆನ್ನಿಗೆ ಒಂದು ಕೊಟ್ಟಳು. ನಾನಂತೂ ನಕ್ಕು ನೀರು ನೆತ್ತಿಗೇರಿಸಿಕೊಂಡೆ.

ಕೌಂಟರಿನ ವಿಷಯ ಅವನೇ ತೆಗೆದ. ಬೆಳಿಗ್ಗೆ ತಾನೇ ನಿಲ್ಲುತ್ತಾನಂತೆ. ಮಧ್ಯಾಹ್ನದ ಮೇಲೆ ನಾನು ಬರಬೇಕು, ದೊಡ್ಡ ಕಂಟ್ರಾಕ್ಟರಿಗೆ ಆ ಹೊತ್ತಿಗೇ ಬಾ ಅಂತ ಹೇಳಿದ್ದಾನಂತೆ. ಒಪ್ಪಿದೆ. ಒಪ್ಪದೆ ಏನು, ಬಣ್ಣವೂ ನನ್ನದೇ.

ಸೆಪ್ಟೆಂಬರ್ 29, ಸೋಮವಾರ, 9:02, ಕ್ಲಾಸಿನಲ್ಲಿ

ಎರಡನೇ ಸಾಲಿನಲ್ಲಿ ಕೂತಿದ್ದೇನೆ. ಗಮ್ಮಿ ನನಗಾಗಿ ಜಾಗ ಹಿಡಿದಿದ್ದಳು, ಬ್ಯಾಗು, ಛತ್ರಿ, ನೀರಿನ ಬಾಟಲಿ ಎಲ್ಲ ಹರವಿಕೊಂಡು.

ಮೇಡಂ ಹಾಜರಿ ಕೂಗುತ್ತಿದ್ದಾರೆ. ನಿಧಾನ, ಒಂದೊಂದೇ ಹೆಸರು. ಹೊಸದಾಗಿ ಸೇರಿದವರದು ಕೊನೆಗೆ ಬರುತ್ತದಂತೆ. ಎಲ್ಲರೂ ಒಂದೊಂದು ಥರ. ಒಬ್ಬ "ಎಸ್ ಮ್ಯಾಮ್", ಒಬ್ಬಳು "ಪ್ರೆಸೆಂಟ್", ಹಿಂದಿನವನು ಬರೀ ಕೈ ಎತ್ತಿದ. ನಾನೇನು ಅನ್ನಲಿ? ಗಮ್ಮಿಯನ್ನು ಕೇಳಿದೆ.

"ಏನಾದ್ರೂ ಅನ್ನಿ ಅಜ್ಜಿ. 'ಹಾಂ!' ಅಂತ ಮಾತ್ರ ಕಿರುಚ್ಬೇಡಿ."

ಎದ್ದು ನಿಲ್ಲಬೇಕಾ? ಯಾರೂ ನಿಲ್ಲುತ್ತಿಲ್ಲ. ನಾನು ನಿಲ್ಲುತ್ತೇನೆ. ಇನ್ನು ಇಬ್ಬರು. ಮೇಡಂ ಹಾಳೆ ತಿರುಗಿಸಿದರು, ಈ ಕಡೆ ನೋಡಿದರು, ಈಗ ನನ್ನ ಹೆಸ—