ದೋಣಿಯಲ್ಲಿ ನಿಂತು ಬೀಸಿದ ಕಂಬಳಿ

ತಂಬ್ರಹಳ್ಳಿ
೩೧-೭-೨೦೨೪, ಬುಧವಾರ

ಮಗಳು ಸುಂಕಮ್ಮನಿಗೆ ನಿನ್ನ ಅವ್ವ ದ್ಯಾಮಕ್ಕ ಮಾಡುವ ಆಶೀರ್ವಾದ.

ನಾನು, ಕುರಿ, ನಾಯಿ ಎಲ್ಲ ನೆಟ್ಟಗಿದ್ದೇವೆ. ಹೊಸಹಳ್ಳಿಯಲ್ಲಿ ನೀವೂ ಹಾಗೇ ಇದ್ದೀರೆಂದು ತಿಳಿದಿದ್ದೇನೆ. ಭಾನುವಾರವೇ ಬರೆಯಬೇಕಿತ್ತು, ಮೂರು ದಿನ ತಡವಾಯಿತು. ಫೋನು ಮಾಡಿದರೆ "ನೀರಿಗೆ ಇಳಿದ್ಲಾ?" ಎಂದು ಕೇಳಿ, ನಾನು ಹೂಂ ಅನ್ನುವುದರೊಳಗೆ ನೀನು ಕಟ್ ಮಾಡಿದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ನಾಲ್ಕನೇ ತರಗತಿಯ ಅಕ್ಷರ, ಸೊಟ್ಟಗಿವೆ. ಓದಿಕೋ.

ಮೊದಲು ಸುದ್ದಿ. ಭಾನುವಾರದ ಪಂದ್ಯದಲ್ಲಿ ನಿನ್ನ ಮಗಳು ಸಂಗೀತಾ ಗೆದ್ದಳು.

ನೀನು ನನ್ನನ್ನು ದೋಣಿ ಹತ್ತಿಸಿದ್ದು ಯಾಕೆಂದು ನಾನು ಮರೆತಿಲ್ಲ. "ಗಾಳಿ ಜೋರಾದ್ರ ಕಂಬಳಿ ತಿರುಗಿಸು ಯವ್ವಾ, ನಿನ್ನ ಕಂಬಳಿ ಕಂಡ್ರ ಎಲ್ಲಿದ್ರೂ ಬರ್ತಾಳ" ಎಂದಿದ್ದೆ. ಸಂಗೀತಾಳೂ ನಿನ್ನ ತಲೆ ಮುಟ್ಟಿ ಒಪ್ಪಿದ್ದಳು. ಕುರಿ ಕಾಯುವ ನಮಗೆ ಗುಡ್ಡದಿಂದ ಗುಡ್ಡಕ್ಕೆ ಕಂಬಳಿಯೇ ಮಾತು. ತಲೆಯ ಮೇಲೆ ಸುತ್ತ ತಿರುಗಿಸಿದರೆ ವಾಪಸ್ ಬಾ, ಮುಂದಕ್ಕೆ ಬೀಸಿದರೆ ಮುಂದೆ ಹೊಡಿ. ನಿನಗೂ ನಾನೇ ಕಲಿಸಿದೆ, ಅವಳಿಗೂ ನಾನೇ.

ಹಿನ್ನೀರಿನಲ್ಲಿ ಅಂದು ಒಂಬತ್ತು ಗಂಡುಹುಡುಗರು, ಇವಳೊಬ್ಬಳು. ಕಾಲಿಗೆ ಒಂದು ಹಲಗೆ, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ. ಹಗ್ಗದ ತುದಿಗೆ ಮುಗಿಲಿನಲ್ಲಿ ಗುಡಿಸಲ ಮಾಡಿನಷ್ಟು ಅಗಲದ ಗಾಳಿಪಟ. ಗಾಳಿ ಪಟವನ್ನು ಎಳೆಯುತ್ತದೆ, ಪಟ ಇವರನ್ನು ನೀರ ಮೇಲೆ ಎಳೆಯುತ್ತದೆ. ಟಗರು ಹಗ್ಗ ಜಗ್ಗಿದಾಗ ನಾವು ಹಿಮ್ಮಡಿ ಊರಿ ಹಿಂದಕ್ಕೆ ವಾಲುತ್ತೇವಲ್ಲ, ಥೇಟ್ ಹಾಗೇ ನಿಂತಿದ್ದಳು. ಕಾರವಾರದಲ್ಲಿ ಎರಡು ವರ್ಷ ಕಲಿತದ್ದು ಇದನ್ನೇ ಅಂತೆ. ಮುಕ್ಕಾಲು ಪಾಲು ನನ್ನ ಟಗರುಗಳೇ ಕಲಿಸಿದ್ದವು.

ಮೂರು ಕೆಂಪು ಪೀಪಾಯಿ ಸುತ್ತಿ ದಡಕ್ಕೆ ಬರಬೇಕು. ಮೊದಲನೆಯದನ್ನು ಸುತ್ತುವಷ್ಟರಲ್ಲಿ ಹಡಗಲಿ ಕಡೆಯಿಂದ ಕರಿ ಮೋಡ ಎದ್ದಿತು. ಗಾಳಿ ಅಂದರೆ ಗಾಳಿ! ತೆರೆ ದೋಣಿಯೊಳಗೇ ಬಂದು ಕೂತಿತು. ಇಡೀ ಜನ್ಮ ಅಲ್ಲೇ ಬಲೆ ಹಾಕಿದ ಓಬಳೇಶಪ್ಪ ಹುಟ್ಟು ಬಿಟ್ಟು ಕೈ ಮುಗಿಯುತ್ತಿದ್ದ.

"ಕುಂದ್ರು ದ್ಯಾಮಕ್ಕ, ದೋಣಿ ಮಗುಚತೈತಿ!"

"ನಿನ್ನ ಹೊಟ್ಟಿ ಆ ಕಡಿ ಸರಿಸು, ತಾನಾ ನೆಟ್ಟಗಾಗತೈತಿ" ಎಂದೆ.

ಆರು ಮಂದಿ ಪಟ ಇಳಿಸಿ ಕಾವಲು ದೋಣಿ ಹತ್ತಿದರು. ಎರಡನೆಯ ಪೀಪಾಯಿಯ ಬಳಿ ಇವಳೂ ಬಿದ್ದಳು. ಸುಳ್ಳು ಹೇಳುವುದಿಲ್ಲ, ಆಗ ನಾನೂ ಕೈ ಮುಗಿದೆ. ತಲೆ ಕಂಡಿತು. ಆಮೇಲೆ ಕೈ. ಆಮೇಲೆ ಒದ್ದೆ ಪಟ ಮೆಲ್ಲಗೆ ನೀರು ಬಿಟ್ಟು ಎದ್ದಿತು. ಹಲಗೆಯ ಮೇಲೆ ನಿಂತವಳೇ ನಮ್ಮ ದೋಣಿಯ ಕಡೆ ತಿರುಗಿದಳು.

"ವಾಪಸ್ ಕರಿ ದ್ಯಾಮಕ್ಕ, ಕೂಸು ನಿನ್ನಾ ನೋಡಾಕತ್ತೈತಿ" ಎಂದ ಓಬಳೇಶಪ್ಪ.

ಕಾಲೂರಿ ನಿಂತೆ. ಕಂಬಳಿ ತಲೆಯ ಮೇಲೆತ್ತಿದೆ. ಒಂದು ಸುತ್ತು ತಿರುಗಿಸಿದ್ದರೆ ಸಾಕಿತ್ತು, ಬಂದುಬಿಡುತ್ತಿದ್ದಳು. ಮೋಡ ನೋಡಿದೆ. ಎಷ್ಟೇ ಕರ್ರಗಿದ್ದರೂ ಅದರಿಂದ ನೆಲಕ್ಕಿಳಿದ ಮಳೆಗಾಲು ಬಡಗಣಕ್ಕೆ ವಾಲಿತ್ತು. ನಮ್ಮತ್ತ ಬರುವ ಮಳೆಯಲ್ಲ ಅದು. ಗಾಳಿಯೂ ಸುಳಿ ಇಲ್ಲದೆ ನೇರ ಬೀಸುತ್ತಿತ್ತು. ಅರವತ್ತು ವರ್ಷ ಬಯಲಲ್ಲಿ ಮಲಗಿದವಳಿಗೆ ಇಷ್ಟು ತಿಳಿಯದೇ? ಆಮೇಲೆ ಅವಳ ಮುಖ ನೋಡಿದೆ. ಹೋಗಲೋ ಬರಲೋ ಎಂದು ಕಾಯುವ ಆ ಮುಖವನ್ನು ಮೊದಲೂ ಒಮ್ಮೆ ನೋಡಿದ್ದೆ, ಸುಂಕಮ್ಮ.

ಕಂಬಳಿಯನ್ನು ಮುಂದಕ್ಕೆ ಬೀಸಿದೆ. ಒಂದು ಸಲವಲ್ಲ, ಮೂರು ಸಲ.

ಹಾರಿದಳು ನೋಡು! ತೆಂಗಿನ ಮರದೆತ್ತರ! ಬೇಕಿದ್ದರೆ ಓಬಳೇಶಪ್ಪನನ್ನು ಕೇಳು. ಬೇಡ, ಅವನು ಕಣ್ಣು ಮುಚ್ಚಿದ್ದ. ಮೂರನೆಯ ಪೀಪಾಯಿ ಸುತ್ತಿ, ಮುಂದಿದ್ದ ಗೋವಾದ ಹುಡುಗನ ಪಕ್ಕಕ್ಕೆ ಬಂದು, ಅವನನ್ನು ದಾಟಿ, ಎಲ್ಲರಿಗಿಂತ ಮೊದಲು ದಡ ಮುಟ್ಟಿದಳು. ನಾನು ದೋಣಿಯಲ್ಲಿ ಕುರಿ ಕೂಗು ಕೂಗಿದ್ದಕ್ಕೆ ದಡದ ಮೇಲಿನ ಮೇಕೆಗಳೆಲ್ಲ ತಲೆ ಎತ್ತಿದವು.

"ಅಜ್ಜೀ, ನೀ ತಿರುಗಿಸ್ತೀ ಅಂತ ಮಾಡಿದ್ದೆ" ಎಂದಳು, ಹಲ್ಲು ಕಟಕಟಿಸುತ್ತ.

"ನಾನೂ ಹಂಗಾ ಅಂದ್ಕೊಂಡಿದ್ದೆ ಲೇ" ಎಂದು ಅದೇ ಕಂಬಳಿ ಹೊದಿಸಿದೆ.

ಬೈಯುವುದಿದ್ದರೆ ನನ್ನನ್ನು ಬೈ. ಅವಳು ಮಾತು ಮುರಿಯಲಿಲ್ಲ, ಕಂಬಳಿ ಹೇಳಿದಂತೆ ಮಾಡಿದಳು. ಮುಂದಿನ ತಿಂಗಳು ಅವಳನ್ನು ತಮಿಳುನಾಡಿನ ಸಮುದ್ರಕ್ಕೆ ಕರೆದಿದ್ದಾರೆ. ಅಲ್ಲಿಗೆ ನಾನು ಹೋಗುವುದಿಲ್ಲ, ನೀನು ಹೋಗು. ಕಂಬಳಿ ಕಳಿಸುತ್ತಿದ್ದೇನೆ. ಯಾವ ಕಡೆ ಬೀಸುತ್ತೀಯೋ ನಿನಗೆ ಬಿಟ್ಟದ್ದು.

ಬೀರಲಿಂಗೇಶ್ವರ ನಿಮ್ಮಿಬ್ಬರನ್ನೂ ತಂಪಾಗಿ ಇಡಲಿ.

ನಿನ್ನ ಅವ್ವ,
ದ್ಯಾಮಕ್ಕ

ತಾ.ಕ.: ಕೂಡ್ಲಿಗಿಯ ಹೈಸ್ಕೂಲು ಮೈದಾನದಲ್ಲಿ ನೀನು ಓಡುತ್ತಿದ್ದಾಗ ಬೇಲಿಯಾಚೆ ನಿಂತು ನಾನು ಕಂಬಳಿ ತಿರುಗಿಸಿದೆನಲ್ಲ. ಎಲ್ಲರಿಗಿಂತ ಅರ್ಧ ಸುತ್ತು ಮುಂದಿದ್ದೆ ನೀನು. ನಿಂತು ನನ್ನನ್ನು ನೋಡಿ, ಓಟ ಬಿಟ್ಟು ಬಂದೆ. ಕುರಿ ತಪ್ಪಿಸಿಕೊಂಡಿವೆ ಎಂದೆ ನಾನು. ಒಂದೂ ತಪ್ಪಿಸಿಕೊಂಡಿರಲಿಲ್ಲ. ಬೆಳೆದ ಮಗಳು ಚಡ್ಡಿ ಹಾಕಿ ಓಡುತ್ತಾಳೆಂದು ಮಂದಿ ಆಡಿದ ಮಾತಿಗೆ ಹೆದರಿದ್ದೆ. ಹಟ್ಟಿಗೆ ಬಂದು ನೀನು ಕುರಿ ಎಣಿಸಿದೆ. ಎಲ್ಲ ಇದ್ದವು. ಮತ್ತೆ ಎರಡನೆಯ ಸಲ ಎಣಿಸಿದೆ. ನನ್ನನ್ನು ಏನೂ ಕೇಳಲಿಲ್ಲ. ಈಗಲಾದರೂ ಕೇಳು, ಮಗಳೇ.