ಅಳತೆಗೆ ನಿಂತ ಹೆಂಗಸು

ಮಾರ್ಚ್ ೧೪, ಭಾನುವಾರ

ಮಹಾಮಾಂತ್ರಿಕನಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಮನಸ್ಸು ಬರಲಿಲ್ಲ. ನಿನ್ನ ಆಟದ ಗೆಳೆಯರು ಕರೆಯುವ ಹೆಸರೇ ಇರಲಿ.

ನಿನ್ನ ಕಾಗದ ತಲುಪಿತು. ದಾಳ ಉರುಳಿಸುತ್ತ ಗುಹೆ ಹೊಕ್ಕು ರಾಕ್ಷಸರನ್ನು ಕೊಲ್ಲುವ ಆ ಆಟಕ್ಕೆ ನೀನು ಬರೆದು ನಾನು ಚಿತ್ರ ಹಾಕಿದ ಪುಸ್ತಕ ಮತ್ತೆ ಅಚ್ಚಾಗುತ್ತಿದೆಯಂತೆ. ಮರೆಯಲಾಗದ ಚಿತ್ರ ಯಾವುದೆಂದು ಆಡುವವರೆಲ್ಲ ಮತ ಹಾಕಿ, ನನ್ನ ‘ಜೌಗು ರಾಕ್ಷಸನ ಗಂಟಲ’ನ್ನು ಆರಿಸಿದ್ದಾರಂತೆ. ಯಾರೋ ಅದನ್ನು ಬೆನ್ನ ತುಂಬ ಹಚ್ಚೆ ಹಾಕಿಸಿಕೊಂಡಿದ್ದಾನಂತೆ. ಪಾಪ, ತಾನು ಏನು ಹೊತ್ತುಕೊಂಡು ತಿರುಗುತ್ತಿದ್ದೇನೆಂದು ಅವನಿಗೆ ಗೊತ್ತಿಲ್ಲ.

ನನಗೆ ಹೇಸಿಗೆ ಹುಟ್ಟಿಸಿದ್ದು ನೀನು ಪತ್ರಿಕೆಗೆ ಕೊಟ್ಟ ಸಂದರ್ಶನ. ಜ್ವರದ ಕನಸಿನಲ್ಲಿ ನಿನಗೆ ಆ ಗಂಟಲು ಕಂಡಿತಂತೆ! ಜ್ವರವೂ ಇಲ್ಲ, ಕನಸೂ ಇಲ್ಲ, ಅದು ನಮ್ಮ ಅಡುಗೆಮನೆಯ ಸಿಂಕು. ನೀನೂ ನಿನ್ನ ಗೆಳೆಯರೂ ಮೇಜಿನ ಸುತ್ತ ಕೂತು ವಾರಗಟ್ಟಲೆ ದಾಳ ಉರುಳಿಸಿ ಲೋಕ ಕಾಪಾಡುತ್ತಿದ್ದಿರಲ್ಲ, ಆಗ ಒಳಗೆ ತಟ್ಟೆಗಳು ಕೊಳೆಯುತ್ತಿದ್ದವು. ಕೇಳಿದಾಗಲೆಲ್ಲ “ಇದೊಂದ್ ಗುಹೆ ಮುಗೀಲಿ ಕಣೇ, ಆಮೇಲೆ ನಾನೇ ತೊಳೀತೀನಿ” ಎನ್ನುತ್ತಿದ್ದೆ. ಆ ಗುಹೆ ಮುಗಿಯಲೇ ಇಲ್ಲ.

ಒಂದು ಸಲ ನಾನೂ ಹಟ ಹಿಡಿದು ತೊಳೆಯದೆ ಬಿಟ್ಟೆ. ಸಿಂಕಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಕಂಡದ್ದನ್ನು ಕಂಡ ಹಾಗೆ ಚಿತ್ರ ಬರೆದೆ. ರಾಕ್ಷಸನ ಹಲ್ಲುಗಳು ಅಂಚು ಒಡೆದ ತಟ್ಟೆಗಳು. ಹಸಿರು ಜೊಲ್ಲು ನೀವು ಅರ್ಧ ಕುಡಿದು ಬಿಟ್ಟ ಸೂಪು. ನಾಲಿಗೆಯ ಮೇಲಿನ ಬಿಳಿ ರೋಮ ಬ್ರೆಡ್ಡಿಗೆ ಹಿಡಿದ ಬೂಷ್ಟು. ಸಂದಿಯಲ್ಲಿ ಸಿಕ್ಕಿಕೊಂಡ ಕೂದಲು ನಿನ್ನದೇ, ಗಡ್ಡವನ್ನು ಅಲ್ಲೇ ಕತ್ತರಿಸಿಕೊಳ್ಳುತ್ತಿದ್ದೆಯಲ್ಲ, ಥೂ! ಚಿತ್ರ ನೋಡಿ ನೀನು “ಎಲ್ಲಿಂದ ಬರತ್ತೆ ನಿಂಗೆ ಇಂಥ ಕಲ್ಪನೆ?” ಅಂದೆ. ಅದೇ ಸಿಂಕಿಗೆ ಒರಗಿಕೊಂಡು ಅಂದೆ. ನಾನು ಮನೆ ಬಿಟ್ಟದ್ದು ಆ ವಾರವೇ. ನಿನ್ನ ಆಟ ನನಗೆ ಹಿಡಿಸಲಿಲ್ಲವೆಂದು ನೀನು ಊರೆಲ್ಲ ಹೇಳಿಕೊಂಡು ಬಂದೆ. ಆಟ ನನಗೆ ಇಷ್ಟವೇ ಇತ್ತು, ಮಹಾರಾಯ.

ಈಗ ನಿನ್ನ ಕೋರಿಕೆ. ಗಂಟಲಿನ ಬಾಯಲ್ಲಿ ಕೋಲು ಹಿಡಿದು ನಿಂತಿರುವ ಪುಟ್ಟ ಹೆಂಗಸನ್ನು ಅಳಿಸಬೇಕು, ಅದಕ್ಕೆ ನನ್ನ ಒಪ್ಪಿಗೆ ಬೇಕು. ಅವಳು ಬರೀ ಅಳತೆ ತೋರಿಸಲು ನಿಂತವಳು, ಕಥೆಯಲ್ಲಿ ಅವಳಿಗೇನೂ ಕೆಲಸವಿಲ್ಲ, ಅವಳಿಲ್ಲದಿದ್ದರೆ ರಾಕ್ಷಸ ಇನ್ನೂ ದೊಡ್ಡವನಾಗಿ ಕಾಣುತ್ತಾನೆ ಎಂದು ಬರೆದಿದ್ದೀಯ. ಅವಳು ನಾನು ಕಣೋ. ಕೈಯಲ್ಲಿರುವುದು ಕೋಲಲ್ಲ, ಪಾತ್ರೆ ಉಜ್ಜುವ ಬ್ರಷ್ಷು. ಆ ಮನೆಯಲ್ಲಿ ನಾನಿದ್ದೆ ಎನ್ನುವುದಕ್ಕೆ ಉಳಿದಿರುವ ಗುರುತು ಅವಳೊಬ್ಬಳೇ. ಅವಳನ್ನೂ ಒರೆಸಿ ಹಾಕಲು ನನ್ನನ್ನೇ ಕೇಳುತ್ತೀಯಲ್ಲ, ನಿನಗೆ ಅಸಹ್ಯ ಅನ್ನಿಸುವುದಿಲ್ಲವೇ? ನನಗಂತೂ ಅನ್ನಿಸುತ್ತದೆ. ಒಪ್ಪಿಗೆ ಕೊಡುವುದಿಲ್ಲ.

ಇಂತಿ,
ಈಗ ತನ್ನದೊಂದೇ ತಟ್ಟೆ ತೊಳೆಯುವ
ನಿನ್ನ ಹಳೆಯ ಚಿತ್ರಗಾರ್ತಿ

ತಾ.ಕ.: ಲಕೋಟೆ ಅಂಟಿಸುವ ಮೊದಲು, ಹಳೆಯ ಪುಸ್ತಕ ತೆಗೆದು ಅವಳ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ನೋಡಿದೆ. ರಾಕ್ಷಸ ಮಾಯ! ಉಳಿದದ್ದು ಮೊಳ ಅಗಲದ ಸಿಂಕು, ತೊಳೆಯದ ತಟ್ಟೆ, ನಿನ್ನ ಗಡ್ಡದ ಕೂದಲು. ಯಾರಿಗಾದರೂ ಗುರುತು ಸಿಗುತ್ತದೆ. ಅವನು ಅಷ್ಟು ದೊಡ್ಡವನಾಗಿ ಕಂಡದ್ದು ಅವಳು ಮುಂದೆ ಅಷ್ಟು ಚಿಕ್ಕವಳಾಗಿ ನಿಂತಿದ್ದರಿಂದ. ನೀನು ಕಳಿಸಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಜೊತೆಗಿಟ್ಟಿದ್ದೇನೆ. ಧಾರಾಳವಾಗಿ ಅಳಿಸು.